ಟಿವಿಯಲ್ಲಿ ಕೊರೊನಾ ಕೇಸ್ ಇಳಿಮುಖ, ಊರಲ್ಲಿ ಮನೆಮನೆಗೂ ಜ್ವರ: ಯಾವ ಅಂಕಿ ನೋಡೋದು?

ತುಂಗೆ_ಬದಿ (ತೀರ್ಥಹಳ್ಳಿ ತಾಲ್ಲೂಕು), 22 ಮೇ 2021, ಬೆಳಿಗ್ಗೆ 7.10

ನಿನ್ನೆಯಿಂದ ಎಲ್ಲ ಚಾನೆಲ್‌ನಲ್ಲೂ ಎರಡೇ ಸುದ್ದಿ. ಲಾಕ್‌ಡೌನ್ ಜೂನ್ 7ಕ್ಕೆ ಹೋಯಿತು, ರಾಜ್ಯದಲ್ಲಿ ಕೇಸ್ ಇಳಿಯುತ್ತಿದೆ. ನಡುವೆ ಕಪ್ಪು ಶಿಲೀಂಧ್ರ. ಇಲ್ಲಿ ಪಂಚಾಯ್ತಿ ಕಾರ್ಯಪಡೆಯ ಪಟ್ಟಿಯಲ್ಲಿ ಜ್ವರದ ಮನೆಗಳು ವಾರಕ್ಕಿಂತ ವಾರಕ್ಕೆ ಹೆಚ್ಚಾಗುತ್ತಿವೆ. ಇಳಿಯುತ್ತಿರುವುದು ನಿಜವೋ, ಪರೀಕ್ಷೆಯೇ ಕಮ್ಮಿಯೋ? ಆರೋಗ್ಯ ಇಲಾಖೆಯ ದಿನದ ಬುಲೆಟಿನ್ ಓದುವ ಸರಿಯಾದ ಕ್ರಮ ಗೊತ್ತಿದ್ದವರು ಹೇಳಿ.

ಇನ್ನೊಂದು, ಇದು ಹೆಚ್ಚು ಅರ್ಜೆಂಟು. ಒಂಟಿ ಮನೆಗಳು, ಶಿವಮೊಗ್ಗಕ್ಕೆ 60 ಕಿ.ಮೀ. ಮೇಲೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಶೇಕಡಾವಾರು ನೋಡುವ ಆಕ್ಸಿಮೀಟರ್ ಸುಮಾರು ಮನೆಗಳಲ್ಲಿದೆ, ಆದರೆ ಯಾವ ನಂಬರಿಗೆ ಗಾಡಿ ಹತ್ತಿಸಬೇಕು ಅನ್ನುವುದು ಯಾರಿಗೂ ಸ್ಪಷ್ಟ ಇಲ್ಲ. ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ, ನಿಮಿಷಕ್ಕೆ ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಒಂದು ದಾನಿಗಳಿಂದ ಬಂದಿದೆ. ತೌತೆ ಚಂಡಮಾರುತದ ಗಾಳಿಮಳೆಯಿಂದ ಕರೆಂಟಿನ ಪಾಡು ಎಲ್ಲರಿಗೂ ಗೊತ್ತು. ಅದನ್ನು ಇನ್ವರ್ಟರಿನಲ್ಲಿ ಓಡಿಸಬಹುದಾ?

---

ಬಿಡಿಲೆಕ್ಕ (ಶಿವಮೊಗ್ಗ), ಬೆಳಿಗ್ಗೆ 8.02

ಮೊದಲ ಪ್ರಶ್ನೆಗೆ. ಮೇ 5ರಂದು ರಾಜ್ಯದಲ್ಲಿ 50,112 ಕೇಸ್, ಅಲ್ಲಿಯವರೆಗಿನ ಗರಿಷ್ಠ. ಅವತ್ತಿನ ಪರೀಕ್ಷೆ 1.55 ಲಕ್ಷ. ಮೇ 17ರಂದು 38,603 ಕೇಸ್, ಪರೀಕ್ಷೆ 97 ಸಾವಿರ. ಟಿವಿ ಲೆಕ್ಕದಲ್ಲಿ ಹನ್ನೊಂದೂವರೆ ಸಾವಿರ ಇಳಿಯಿತು. ನೂರು ಜನರನ್ನು ಪರೀಕ್ಷಿಸಿದರೆ ಎಷ್ಟು ಪಾಸಿಟಿವ್ ಅಂತ ನೋಡಿದರೆ 32 ಇದ್ದದ್ದು ಹತ್ತಿರ ಹತ್ತಿರ 40 ಆಯಿತು. ಹತ್ತು ಕೂಣಿ (ಮೀನು ಹಿಡಿಯುವ ಬುಟ್ಟಿ) ಇಡುವ ಕಡೆ ಆರು ಇಟ್ಟು, ಈ ಸಲ ಹೊಳೆ ಏರುವ ಮೀನೇ ಕಮ್ಮಿ ಅಂದ ಹಾಗೆ.

ಆದರೆ ಇದನ್ನೇ ಹಿಡಿದು ‘ಎಲ್ಲ ಸುಳ್ಳು’ ಅನ್ನುವುದೂ ತಪ್ಪು. ಮೇ 17 ಸೋಮವಾರ. ವಾರಾಂತ್ಯದಲ್ಲಿ ಸ್ವಾಬ್ ತೆಗೆಯುವುದು ಕಮ್ಮಿ, ಬಂದವರಲ್ಲಿ ಹೆಚ್ಚಿನವರು ಜ್ವರ ಇದ್ದೇ ಬಂದವರು, ಹಾಗಾಗಿ ಸೋಮವಾರದ ಶೇಕಡಾವಾರು ಯಾವಾಗಲೂ ಸ್ವಲ್ಪ ಉಬ್ಬಿರುತ್ತದೆ. ಒಂದು ದಿನದ ಅಂಕಿಯನ್ನು ಇನ್ನೊಂದು ದಿನದ್ದರ ಜೊತೆ ಹೋಲಿಸಲೇಬೇಡಿ. ಏಳು ದಿನದ ಕೇಸ್ ಕೂಡಿ, ಅದೇ ಏಳು ದಿನದ ಪರೀಕ್ಷೆ ಕೂಡಿ, ಭಾಗಿಸಿ. ಏಳು ದಿನದ ಶೇಕಡಾವಾರುಗಳನ್ನು ಕೂಡಿ ಏಳರಿಂದ ಭಾಗಿಸುವುದಲ್ಲ. ಹಾಗೆ ಮಾಡಿದರೆ ಕಮ್ಮಿ ಪರೀಕ್ಷೆಯ ಭಾನುವಾರಕ್ಕೂ ಹೆಚ್ಚು ಪರೀಕ್ಷೆಯ ಬುಧವಾರಕ್ಕೂ ಒಂದೇ ತೂಕ ಕೊಟ್ಟ ಹಾಗಾಗುತ್ತದೆ. ವಾರದಿಂದ ವಾರಕ್ಕೆ ಪರೀಕ್ಷೆ ಇಳಿಯದೆ, ಶೇಕಡಾವಾರು ಮಾತ್ರ ಇಳಿಯುತ್ತಿದ್ದರೆ ಇಳಿಮುಖ ನಿಜ.

ತಡವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೋಂಕು ತಗುಲಿ ಜ್ವರ ಬರಲು ಐದಾರು ದಿನ, ಜ್ವರ ಬಂದು ಸ್ವಾಬ್ ಕೊಡಲು ಎರಡು ದಿನ, ಆರ್‌ಟಿಪಿಸಿಆರ್ ವರದಿ ಬರಲು ಮತ್ತೆ ಎರಡೋ ಮೂರೋ ದಿನ. ಇವತ್ತಿನ ಬುಲೆಟಿನ್ ಹೇಳುವುದು ಹತ್ತು ದಿನದ ಹಿಂದಿನ ಕಥೆ. ಸಾವಿನ ಅಂಕಿ ಇನ್ನೂ ಹಿಂದಿನದು. ‘ಇವತ್ತು ಇಷ್ಟು ಸಾವು’ ಎಂದರೆ ಇವತ್ತು ಪಟ್ಟಿಗೆ ಸೇರಿದ ಸಾವು, ಇವತ್ತೇ ಆದದ್ದು ಎಂದಲ್ಲ.

ಹಳ್ಳಿ ಮಟ್ಟಕ್ಕೆ ಈ ಯಾವುದೂ ಕೆಲಸಕ್ಕೆ ಬರುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ನಿಮಗೆ ಬೇಕಾದ ಅಂಕಿ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿದೆ: ಈ ವಾರ ಹೊಸದಾಗಿ ಜ್ವರ ಕಾಣಿಸಿದ ಮನೆ ಎಷ್ಟು, ಹೋದ ವಾರ ಎಷ್ಟು. ತಲೆ ಎಣಿಸಬೇಡಿ, ಮನೆ ಎಣಿಸಿ. ಒಂದು ಮನೆಯಲ್ಲಿ ಐವರಿಗೆ ಬಂದರೆ ಅದು ಒಂದೇ ಹರಡುವಿಕೆ. ಐದು ಮನೆಯಲ್ಲಿ ಒಬ್ಬೊಬ್ಬರಿಗೆ ಬಂದರೆ ವೈರಸ್ ಊರೆಲ್ಲ ಓಡಾಡುತ್ತಿದೆ ಎಂದರ್ಥ.

ರ‍್ಯಾಪಿಡ್ ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ ಪಾಸಿಟಿವ್ವೇ. ಲಕ್ಷಣ ಇದ್ದೂ ನೆಗೆಟಿವ್ ಬಂದರೆ ಅದು ನೆಗೆಟಿವ್ ಅಲ್ಲ, ಆರ್‌ಟಿಪಿಸಿಆರ್ ಆಗಬೇಕು. ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗೆ ಐಸಿಎಂಆರ್ ಈ ವಾರ ಒಪ್ಪಿಗೆ ಕೊಟ್ಟಿದೆಯಲ್ಲ, ಅದಕ್ಕೂ ಇದೇ ನಿಯಮ.

---

ಹಗಲು_ಪಾಳಿ (ಸಾಗರ), ಬೆಳಿಗ್ಗೆ 9.25

ನಂಬರಿಗಿಂತ ಮೊದಲು ದಿನ. ಮೊದಲ ಲಕ್ಷಣ ಕಾಣಿಸಿದ ದಿನವೇ ಒಂದನೇ ದಿನ. ಸ್ವಾಬ್ ಕೊಟ್ಟ ದಿನ ಅಲ್ಲ, ವರದಿ ಬಂದ ದಿನವೂ ಅಲ್ಲ. ಮೈಕೈ ನೋವು, ಗಂಟಲು ಕೆರೆತ, ಬರೇ ಸುಸ್ತು ಇದ್ದರೂ ಅವತ್ತಿನಿಂದಲೇ ಎಣಿಕೆ. ಗೋಡೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ 1 ಅಂತ ಬರೆದು ಹತ್ತರವರೆಗೂ ಬರೆದುಬಿಡಿ. ಎಡವಟ್ಟಾಗುವುದು ಇಲ್ಲೇ. ವರದಿ ಬಂದ ದಿನದಿಂದ ಎಣಿಸಿ ‘ಇನ್ನೂ ಮೂರನೇ ದಿನ’ ಅಂದುಕೊಂಡಿರುತ್ತಾರೆ, ನಿಜಕ್ಕೂ ಅದು ಎಂಟನೆಯದು. ಆಕ್ಸಿಜನ್ ಕುಸಿಯುವುದು ಹೆಚ್ಚಾಗಿ 5ರಿಂದ 10ನೇ ದಿನದೊಳಗೆ. ಮೊದಲ ನಾಲ್ಕು ದಿನ 98 ತೋರಿಸಿತೆಂದು ಆಕ್ಸಿಮೀಟರನ್ನು ಪಕ್ಕದ ಮನೆಗೆ ಕೊಟ್ಟು ಕಳಿಸಬೇಡಿ.

ನೋಡುವ ಕ್ರಮ: ಐದು ನಿಮಿಷ ಸುಮ್ಮನೆ ಕೂರಿಸಿ. ಕೈ ಬೆಚ್ಚಗಿರಬೇಕು, ಮಳೆಯಲ್ಲಿ ನೆನೆದು ತಣ್ಣಗಾದ ಬೆರಳಿಗೆ ಸಿಕ್ಕಿಸಿದರೆ 88, 91, 85 ಅಂತ ಏನೇನೋ ಕುಣಿಯುತ್ತದೆ. ಉಗುರುಬಣ್ಣ, ಮದರಂಗಿ ಇಲ್ಲದ ಬೆರಳು ಆರಿಸಿ, ಯಾಕೆಂದರೆ ಅದು ಉಗುರಿನ ಮೂಲಕ ಬೆಳಕು ಹಾಯಿಸಿಯೇ ಅಳೆಯುವುದು. ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ಒಂದು ನಿಮಿಷ ಬಿಡಿ. ಬಂದದ್ದರಲ್ಲಿ ದೊಡ್ಡ ನಂಬರ್ ಅಲ್ಲ, ನಿಂತ ನಂಬರ್ ಬರೆದುಕೊಳ್ಳಿ. ಅನುಮಾನ ಬಂದರೆ ಮಣಿಕಟ್ಟಿನಲ್ಲಿ ನಾಡಿ ಎಣಿಸಿ. ಯಂತ್ರ ತೋರಿಸುವ ನಾಡಿಗೂ ನೀವು ಎಣಿಸಿದ್ದಕ್ಕೂ ತಾಳೆಯಾಗದಿದ್ದರೆ ಆಕ್ಸಿಜನ್ ಅಂಕಿಯನ್ನೂ ನಂಬಬೇಡಿ. ಒಳ್ಳೆಯ ಯಂತ್ರದಲ್ಲೂ ಎರಡು ಅಂಕ ಆಚೀಚೆ ಇರುತ್ತದೆ. ಕಪ್ಪು ಚರ್ಮದವರಿಗೆ ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯೂ ಉಂಟು. 94 ಅಂದರೆ ‘ಪಾಸ್’ ಅಲ್ಲ, ಗಡಿ.

94ರ ಮೇಲಿದ್ದವರಿಗೆ ನಡಿಗೆ ಪರೀಕ್ಷೆ. ಆಕ್ಸಿಮೀಟರ್ ಬೆರಳಲ್ಲೇ ಇರಲಿ, ಜಗಲಿಯ ಸಮ ನೆಲದಲ್ಲಿ ಆರು ನಿಮಿಷ ಮಾಮೂಲಿ ನಡಿಗೆ. ಅಂಗಳ ಇಳಿದು ತೋಟದ ಏರು ಹತ್ತಿಸಬೇಡಿ, ಅದು ಆರೋಗ್ಯವಂತರಿಗೂ ಏದುಸಿರು ತರಿಸುತ್ತದೆ. 60 ದಾಟಿದವರಿಗೆ ಮೂರು ನಿಮಿಷ ಸಾಕು. ಜೊತೆಗೆ ಒಬ್ಬರು ಇರಲೇಬೇಕು. ನಡೆದ ಮೇಲೆ 94ಕ್ಕಿಂತ ಕೆಳಗೆ ಬಂದರೆ, ಅಥವಾ ಮೊದಲಿನದ್ದಕ್ಕಿಂತ ಮೂರು ಅಂಕ ಬಿದ್ದರೆ ಆಸ್ಪತ್ರೆ. ಕೂತಲ್ಲೇ 94ಕ್ಕಿಂತ ಕಮ್ಮಿ ಇದ್ದವರನ್ನು ನಡೆಸುವುದೇ ಬೇಡ, ನೇರ ಹೊರಡಿಸಿ. 90ರ ಕೆಳಗೆ ಅಂದರೆ ಗಂಭೀರ.

ಉಸಿರನ್ನೂ ಎಣಿಸಿ, ರೋಗಿಗೆ ಹೇಳದೆ. ಹೇಳಿದರೆ ಉಸಿರಾಟದ ಲಯವೇ ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ಮಾಡಿ ಹೊಟ್ಟೆ ಏರುವುದನ್ನು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 24 ದಾಟಿದರೆ ಆಕ್ಸಿಮೀಟರ್ ಏನೇ ಹೇಳಲಿ, ತೋರಿಸಬೇಕು. 30 ದಾಟಿದರೆ ತುರ್ತು. ‘ನಂಗೇನೂ ಆಗಿಲ್ಲ’ ಎಂದು ಕವಳ ಹಾಕಿಕೊಂಡು ಕೂತವರಲ್ಲೇ 86 ಇರುತ್ತದೆ. ಈ ಕಾಯಿಲೆಯ ಮೋಸ ಅದು.

60 ಕಿ.ಮೀ. ದೂರದವರಿಗೆ ನನ್ನ ಸಲಹೆ ಸರಕಾರದ ಗಡಿಗಿಂತ ಒಂದು ಹೆಜ್ಜೆ ಮುಂಚಿನದು. ಬೆಳಿಗ್ಗೆ 97, ಮಧ್ಯಾಹ್ನ 96, ಸಂಜೆ 95 ಅಂತ ಇಳಿಯುತ್ತಿದ್ದರೆ 93 ಆಗಲಿ ಎಂದು ಕಾಯಬೇಡಿ. ಕತ್ತಲಾಗುವ ಮೊದಲೇ 108ಕ್ಕೆ ಹೇಳಿ, ಗಾಡಿ ಗೊತ್ತು ಮಾಡಿಡಿ.

ಗಾಡಿ ಬರುವವರೆಗೆ ಬೋರಲು ಮಲಗಿಸಿ. ದಿಂಬು ನಾಲ್ಕೈದು ಬೇಕು: ಕುತ್ತಿಗೆಯ ಕೆಳಗೆ ಒಂದು, ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ಒಂದೋ ಎರಡೋ, ಮೊಣಕಾಲ ಕೆಳಗಿನ ಕಾಲಿಗೆ ಎರಡು. ಮಡಚಿದ ಕಂಬಳಿಯೂ ಆಗುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆ ಬೋರಲು, ಆಮೇಲೆ ಬಲಮಗ್ಗುಲು, ಒರಗಿ ಕೂರುವುದು, ಎಡಮಗ್ಗುಲು, ಮತ್ತೆ ಬೋರಲು. ಊಟವಾಗಿ ಒಂದು ಗಂಟೆ ಬೇಡ. ಬಸುರಿಯರಿಗೆ, ಗಂಭೀರ ಹೃದಯ ಕಾಯಿಲೆಯವರಿಗೆ, ಬೆನ್ನುಮೂಳೆ ಅಥವಾ ಸೊಂಟದ ಮೂಳೆ ಮುರಿದವರಿಗೆ ಬೇಡ.

ಮಾತ್ರೆ ಬಗ್ಗೆ: ಜ್ವರಕ್ಕೆ ಪ್ಯಾರಾಸಿಟಮಾಲ್ 650, ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಮೀರದಂತೆ. ಲಿವರ್ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಿ. ವಾಟ್ಸ್ಯಾಪಿನಲ್ಲಿ ಓಡಾಡುತ್ತಿರುವ ಚೀಟಿ ನೋಡಿ ಡೆಕ್ಸಾಮೆಥಾಸೋನ್, ಮಿಥೈಲ್‌ಪ್ರೆಡ್ನಿಸಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ತಂದು ಎರಡನೇ ದಿನಕ್ಕೇ ನುಂಗುತ್ತಿದ್ದಾರಲ್ಲ, ಅದನ್ನು ದಯವಿಟ್ಟು ನಿಲ್ಲಿಸಿ. ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗ 2020ರ ಜೂನ್‌ನಲ್ಲಿ ತೋರಿಸಿದ್ದು ಇಷ್ಟು: ಆಕ್ಸಿಜನ್ ಬೇಕಾದವರಿಗೆ ದಿನಕ್ಕೆ 6 ಮಿ.ಗ್ರಾಂ. ಡೆಕ್ಸಾಮೆಥಾಸೋನ್, ಹೆಚ್ಚೆಂದರೆ ಹತ್ತು ದಿನ, ಜೀವ ಉಳಿಸುತ್ತದೆ. ಆಕ್ಸಿಜನ್ ಬೇಡದವರಿಗೆ ಲಾಭ ಕಾಣಲಿಲ್ಲ, ಹಾನಿಯ ಸೂಚನೆಯೇ ಇತ್ತು. ಮೊದಲ ದಿನಗಳಲ್ಲಿ ವೈರಸ್ ವಿರುದ್ಧ ಹೋರಾಡಬೇಕಾದ ದೇಹದ ಕೈಯನ್ನೇ ಅದು ಕಟ್ಟಿಹಾಕುತ್ತದೆ. ಸಕ್ಕರೆಯನ್ನೂ ಏರಿಸುತ್ತದೆ.

ಟಿವಿಯ ಕಪ್ಪು ಶಿಲೀಂಧ್ರಕ್ಕೂ ಇಲ್ಲೇ ನಂಟು. ಮ್ಯೂಕರ್ ಬೂಷ್ಟು ಮಣ್ಣಲ್ಲಿ, ಕೊಳೆತ ಎಲೆಯಲ್ಲಿ, ಗೊಬ್ಬರದ ಗುಂಡಿಯಲ್ಲಿ ಎಲ್ಲ ಕಡೆಯೂ ಇದೆ. ಅದು ಕಪ್ಪಲ್ಲ, ಅದು ಹೊಕ್ಕ ಜಾಗದ ಮಾಂಸ ಸತ್ತು ಕಪ್ಪಾಗುತ್ತದೆ. ಹಿಡಿತ ತಪ್ಪಿದ ಸಕ್ಕರೆ ಮತ್ತು ಸ್ಟಿರಾಯ್ಡ್ ಸೇರಿದಾಗ ಅದಕ್ಕೆ ದಾರಿ. ಸ್ಟಿರಾಯ್ಡ್ ಬರೆಸಿಕೊಂಡು ಮನೆಗೆ ಬಂದವರು ಗ್ಲೂಕೋಮೀಟರಿನಲ್ಲಿ ಬೆಳಗಿನ ಖಾಲಿ ಹೊಟ್ಟೆಯದ್ದು ಮಾತ್ರ ನೋಡಿ ಸುಮ್ಮನಾಗುತ್ತಾರೆ. ಬೆಳಿಗ್ಗೆ ನುಂಗಿದ ಮಾತ್ರೆ ಸಕ್ಕರೆ ಏರಿಸುವುದು ಮಧ್ಯಾಹ್ನ, ಸಂಜೆ. ಊಟವಾಗಿ ಎರಡು ಗಂಟೆಗೆ ನೋಡಬೇಕು. ಮುಖದ ಒಂದೇ ಬದಿ ನೋವು ಅಥವಾ ಜೋಮು, ಮೂಗಿನಿಂದ ಕಪ್ಪು ಅಥವಾ ರಕ್ತ ಮಿಶ್ರಿತ ಸಿಂಬಳ, ಕಣ್ಣು ಊತ, ಎರಡೆರಡು ಕಾಣುವುದು, ಮೇಲಿನ ಹಲ್ಲು ಅಲುಗಾಡುವುದು: ಇದರಲ್ಲಿ ಒಂದಿದ್ದರೂ ಅವತ್ತೇ ಹೊರಡಿ.

ಬೇರೆ ಕೋಣೆ, ಬೇರೆ ಪಾಯಿಖಾನೆ ಇಲ್ಲದ ಮನೆಯವರಿಗೆ ಕೋವಿಡ್ ಕೇರ್ ಸೆಂಟರ್ ಒಳ್ಳೆಯದು. ಜನ ಒಪ್ಪುವುದಿಲ್ಲ, ಗೊತ್ತು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಒಪ್ಪಿಸಲೇಬೇಕು.

---

ಉಣುಗು (ಹೊಸನಗರ), ಬೆಳಿಗ್ಗೆ 10.40

ಎಲ್ಲ ಜ್ವರವನ್ನೂ ಕೊರೊನಾ ಖಾತೆಗೆ ಬರೆಯುವ ಮೊದಲು, ಇದು ಮೇ ತಿಂಗಳು ಮಾರಾಯ್ರೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಕಾಲ ಇನ್ನೂ ಮುಗಿದಿಲ್ಲ. ಮಳೆ ಸರಿಯಾಗಿ ಹಿಡಿಯುವವರೆಗೂ ಅದನ್ನು ಹರಡುವ ಉಣುಗಿನ ಮರಿಗಳ ಕಾಟ ಇದ್ದೇ ಇದೆ.

ಕೋವಿಡ್ ಜ್ವರ ಸಾಮಾನ್ಯವಾಗಿ ಗಂಟಲು, ಕೆಮ್ಮಿನ ಜೊತೆ ನಿಧಾನಕ್ಕೆ ಏರುತ್ತದೆ. ಮಂಗನ ಕಾಯಿಲೆಯದ್ದು ಚಳಿ ಹಿಡಿದು ಒಮ್ಮೆಲೇ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು. ಮೂರ್ನಾಲ್ಕು ದಿನಕ್ಕೆ ವಾಂತಿ ಭೇದಿ, ಕೆಲವರಿಗೆ ಒಸಡಲ್ಲಿ, ಮೂಗಲ್ಲಿ ರಕ್ತ. ವಾಸಿಯಾಯಿತು ಎಂದುಕೊಂಡ ಕೆಲವರಿಗೆ ಮೂರನೇ ವಾರದ ಹೊತ್ತಿಗೆ ಜ್ವರ ಮರುಕಳಿಸಿ ತಲೆ ತಿರುಗು, ಕೈ ನಡುಕ ಬರುವುದೂ ಉಂಟು. ಲಕ್ಷಣ ನೋಡಿ ನೀವೇ ತೀರ್ಮಾನಿಸಬೇಡಿ. ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳಿ: ಹಿಂದಿನ ಎಂಟು ದಿನದಲ್ಲಿ ದರಗು (ಒಣ ಎಲೆ), ಸೊಪ್ಪು, ಸೌದೆಗೆ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ರಾ? ಹೌದು ಅಂದರೆ ಸ್ವಾಬಿನ ಜೊತೆ ರಕ್ತವನ್ನೂ ಶಿವಮೊಗ್ಗದ ವಿಡಿಎಲ್‌ಗೆ (ವೈರಸ್ ಪತ್ತೆ ಪ್ರಯೋಗಾಲಯ) ಕಳಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿ. ಲಾಕ್‌ಡೌನ್ ಅಂತ ಮನೆಗೆ ಬಂದ ಬೆಂಗಳೂರಿನ ಹುಡುಗರು ಈ ಸಲ ಬೆಟ್ಟಕ್ಕೆ ಹೋಗುತ್ತಿದ್ದಾರೆ. ಅವರಿಗೆ ಮಂಗನ ಕಾಯಿಲೆಯ ಲಸಿಕೆಯೂ ಆಗಿಲ್ಲ, ಉಣುಗು ಹತ್ತದಂತೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳುವ ರೂಢಿಯೂ ಇಲ್ಲ.

ರಕ್ತಸ್ರಾವದ ಕಾಯಿಲೆಯ ಅನುಮಾನ ಇರುವವರೆಗೆ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಬೇಡವೇ ಬೇಡ. ಡೆಂಗಿಗೂ ಇದೇ ಮಾತು. ಅಂಗಡಿಯಲ್ಲಿ ‘ಮೈಕೈ ನೋವಿನ ಮಾತ್ರೆ’ ಎಂದು ಕೇಳಿದರೆ ಕೊಡುವುದು ಹೆಚ್ಚಾಗಿ ಅವನ್ನೇ.

---

ಆಂಪಿಯರ್ (ಭದ್ರಾವತಿ), ಮಧ್ಯಾಹ್ನ 12.15

ಕಾನ್ಸಂಟ್ರೇಟರ್ ವಿಚಾರ. ಐದು ಲೀಟರಿನದ್ದು ಸುಮಾರು 350 ವಾಟ್ ಎಳೆಯುತ್ತದೆ, ಹಿಂದಿನ ಪಟ್ಟಿಯಲ್ಲಿ ಬರೆದಿರುತ್ತದೆ ನೋಡಿ. 850 ವಿಎ ಇನ್ವರ್ಟರ್ ಹೊರುತ್ತದೆ, ಆದರೆ ಎರಡು ಷರತ್ತು. ಒಳಗಿರುವುದು ಕಂಪ್ರೆಸರ್ ಮೋಟಾರು, ಹಾಗಾಗಿ ಸೈನ್ ವೇವ್ ಇನ್ವರ್ಟರೇ ಬೇಕು. ಹಳೆಯ ಸ್ಕ್ವೇರ್ ವೇವ್‌ನಲ್ಲಿ ಹಾಕಿದರೆ ಗುಂಯ್ ಎಂದು ಬಿಸಿಯಾಗಿ ಒಂದೆರಡು ರಾತ್ರಿಗೇ ಕೈಕೊಡುತ್ತದೆ. ಎರಡನೆಯದು, ಅದೇ ಲೈನಿನಲ್ಲಿ ಫ್ರಿಜ್, ಮಿಕ್ಸಿ ಇರಬಾರದು.

12 ವೋಲ್ಟ್ 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1,800 ವಾಟ್-ಅವರ್, ಐದು ಗಂಟೆ ಬರಬೇಕು. ಬರುವುದಿಲ್ಲ. ಆ ಅಳತೆ ಇಪ್ಪತ್ತು ಗಂಟೆ ನಿಧಾನಕ್ಕೆ ಖಾಲಿ ಮಾಡಿದಾಗಿನದು. 30 ಆಂಪಿಯರ್ ಮೇಲೆ ಎಳೆದರೆ ಹೊಸ ಬ್ಯಾಟರಿಗೂ ಎರಡೂವರೆ ಮೂರು ಗಂಟೆ, ನಾಲ್ಕು ವರ್ಷದ ಹಳತಾದರೆ ಒಂದೂವರೆ ಎಂದೇ ಇಟ್ಟುಕೊಳ್ಳಿ. ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಒಂದೂವರೆ ಗಂಟೆಗೆ ಬರುತ್ತದಾ? ಹಾಗಾಗಿ ಪಕ್ಕಕ್ಕೆ ಒಂದು ಸಿಲಿಂಡರ್ ಇರಲೇಬೇಕು.

ಸಿಲಿಂಡರ್ ಲೆಕ್ಕ ಸುಲಭ: ನೀರಿನ ಅಳತೆಯ ಲೀಟರ್ × ಗೇಜಿನ ಬಾರ್. ಬಿ ಟೈಪ್ 10 ಲೀಟರ್, ತುಂಬಿದಾಗ 150 ಬಾರ್, ಅಂದರೆ 1,500 ಲೀಟರ್ ಅನಿಲ. ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಹನ್ನೆರಡೂವರೆ ಗಂಟೆ, 5 ಲೀಟರ್ ಬಿಟ್ಟರೆ ಐದು ಗಂಟೆ. ಗೇಜು 75 ತೋರಿಸಿದರೆ ಅರ್ಧ. ಶಿವಮೊಗ್ಗದ ದಾರಿ ಎರಡು ಗಂಟೆ ಎಂದು ಎರಡು ಗಂಟೆಯ ಅನಿಲ ಇಟ್ಟುಕೊಂಡು ಹೊರಡಬೇಡಿ. ಆಸ್ಪತ್ರೆ ಬಾಗಿಲಲ್ಲಿ ಹಾಸಿಗೆಗೆ ಕಾಯುವ ಹೊತ್ತನ್ನೂ ಸೇರಿಸಿ ಎರಡರಷ್ಟು ಹಿಡಿಯಿರಿ. ವೈದ್ಯಕೀಯ ಆಕ್ಸಿಜನ್ ಸಿಲಿಂಡರಿನ ಮೈ ಕಪ್ಪು, ಕುತ್ತಿಗೆ ಬಿಳಿ. ರೆಗ್ಯುಲೇಟರ್ ಆ ವಾಲ್ವಿಗೆ ಕೂರುತ್ತದಾ ಅಂತ ತುಂಬಿಸುವಲ್ಲೇ ಸಿಕ್ಕಿಸಿ ನೋಡಿ, ಮನೆಗೆ ತಂದ ಮೇಲಲ್ಲ. ನಟ್ಟು ಬಿಗಿ ಎಂದು ಎಣ್ಣೆ, ಗ್ರೀಸ್ ಹಚ್ಚಿದರೆ ಹೊತ್ತಿಕೊಳ್ಳುತ್ತದೆ. ಸೋರಿಕೆ ನೋಡಲು ಸೋಪಿನ ನೀರು ಸಾಕು. ಬಚ್ಚಲ ಒಲೆ, ದೇವರ ದೀಪ, ಬೀಡಿ ಎಲ್ಲವೂ ದೂರ. ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗಿದ ಮೇಲೆ ವಾಲ್ವ್ ಮುಟ್ಟಿ.

ಕಾನ್ಸಂಟ್ರೇಟರ್ ಗೋಡೆಯಿಂದ ಒಂದಡಿ ದೂರ ಇರಲಿ, ಹೊಗೆಯ ಅಡುಗೆಮನೆಯಲ್ಲಿ ಬೇಡ. ಗಾಳಿಯಿಂದ ಸಾರಜನಕ ಹೀರಿ ಆಕ್ಸಿಜನ್ ಬಿಡುವ ಒಳಗಿನ ಜಿಯೋಲೈಟ್ ಹರಳು ತೇವಕ್ಕೆ ಕೆಡುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಳಸದೆ ಮೂಲೆಯಲ್ಲಿಟ್ಟರೆ ಬೇಕಾದಾಗ ಶುದ್ಧತೆ ಬರುವುದಿಲ್ಲ, ಆಗಾಗ ಓಡಿಸುತ್ತಿರಿ. ಹೊರಗಿನ ಸ್ಪಂಜಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಹೊರಬರುವ ಆಕ್ಸಿಜನ್ ಶೇ 93ರ ಆಸುಪಾಸು, ಅದೂ ಐದು ಲೀಟರಿನವರೆಗೆ ಮಾತ್ರ. ವೋಲ್ಟೇಜ್ 180ಕ್ಕೆ ಬೀಳುವ ಕಡೆ ಸ್ಟೆಬಿಲೈಸರ್ ಹಾಕಿ.

---

ಹಗಲು_ಪಾಳಿ, ಮಧ್ಯಾಹ್ನ 12.50

ಆಂಪಿಯರ್ ಅವರು ಹೇಳಿದ್ದಕ್ಕೆ ಒಂದು ಗೆರೆ: ಐದು ಲೀಟರಿಗೂ 94ಕ್ಕೆ ಏರದವರನ್ನು ಆ ಯಂತ್ರದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ಗಾಡಿ ಬರುವವರೆಗಿನ ಆಸರೆ.

---

ಕೂಳೂರು_ಕಟ್ಟೆ, ಮಧ್ಯಾಹ್ನ 1.30

ಇಷ್ಟೆಲ್ಲ ಯಾಕೆ, ಮೂಗಿಗೆ ಎರಡು ಹನಿ ನಿಂಬೆರಸ ಬಿಟ್ಟರೆ ಆಕ್ಸಿಜನ್ ಏರುತ್ತದೆ ಅಂತ ಟಿವಿಯಲ್ಲೇ ಬಂತಲ್ಲ? ಜೊತೆಗೆ ಮೆಣಸಿನ ಕಷಾಯ.

---

ಹಗಲು_ಪಾಳಿ, ಮಧ್ಯಾಹ್ನ 1.48

ಬೇಡ ಅಣ್ಣ. ನಿಂಬೆರಸ ಹುಳಿ, ಮೂಗಿನ ಒಳಪದರ ಸುಡುತ್ತದೆ. ಬಿಡುವಾಗ ಜೋರಾಗಿ ಉಸಿರೆಳೆದರೆ ಶ್ವಾಸನಾಳಕ್ಕೂ ಹೋಗುತ್ತದೆ. ಆಕ್ಸಿಜನ್ ಕಮ್ಮಿಯಾಗುವುದು ಶ್ವಾಸಕೋಶದ ಗಾಳಿಗೂಡುಗಳಲ್ಲಿ ಬಾವು ಬಂದು, ಮೂಗು ಕಟ್ಟಿ ಅಲ್ಲ. ಕಷಾಯ ಕುಡಿಯಲಿ, ಎರಡು ಲೋಟ. ದಿನಕ್ಕೆ ಎಂಟು ಲೋಟ ಮೆಣಸು ಶುಂಠಿ ಕುಡಿದು ಎದೆಯುರಿ ಹತ್ತಿಸಿಕೊಂಡು, ಅದನ್ನು ಕೊರೊನಾ ಎದೆನೋವು ಎಂದು ಹೆದರುವುದು ಬೇಡ.

---

ಬಿಡಿಲೆಕ್ಕ, ಮಧ್ಯಾಹ್ನ 2.20

ಕಾರ್ಯಪಡೆಯವರಿಗೆ ಈ ಪ್ರಶ್ನೆಯೂ ಬಂದೇ ಬರುತ್ತದೆ, ಹೇಳಿಬಿಡುತ್ತೇನೆ. ಕೋವಿಶೀಲ್ಡ್ ಎರಡನೇ ಡೋಸಿನ ಅಂತರವನ್ನು ಮೇ 13ರಂದು 12–16 ವಾರಕ್ಕೆ ಏರಿಸಿದರು, ಕೊವ್ಯಾಕ್ಸಿನ್‌ಗೆ ಮೊದಲಿನಂತೆ 4ರಿಂದ 6 ವಾರ. ಸೋಂಕು ಬಂದು ವಾಸಿಯಾದವರಿಗೆ ಗುಣವಾದ ಮೇಲೆ ಮೂರು ತಿಂಗಳು ಬಿಟ್ಟು ಲಸಿಕೆ ಎಂದು ಕೇಂದ್ರ ಮೇ 19ರಂದು ಹೇಳಿದೆ. ಮೊದಲ ಡೋಸ್ ಆದ ಮೇಲೆ ಸೋಂಕು ಬಂದವರಿಗೂ ಅಷ್ಟೇ.

---

ತುಂಗೆ_ಬದಿ, ಸಂಜೆ 5.35

ಎಲ್ಲರಿಗೂ ಧನ್ಯವಾದ. ಕ್ಯಾಲೆಂಡರ್ ವಿಷಯ ಇವತ್ತೇ ವಾರ್ಡಿನ ಎಲ್ಲ ಗುಂಪಿಗೂ ಹಾಕಿದೆವು. ಕಾನ್ಸಂಟ್ರೇಟರ್ ಹಾಕಿ ನೋಡಿದ್ದಾಯಿತು. ಅದರ ನೀರಿನ ಬಾಟಲಿಯಲ್ಲಿ ಗುಳ್ಳೆ ಚೆನ್ನಾಗಿ ಬರುತ್ತಿದೆ, ಮೂಗಿನ ನಳಿಗೆಯ ಹತ್ತಿರ ಗಾಳಿ ಗೊತ್ತೇ ಆಗುವುದಿಲ್ಲ. ಯಂತ್ರ ಹಾಳೋ?

---

ಆಂಪಿಯರ್, ಸಂಜೆ 6.05

ಮೊದಲು ನಳಿಗೆಯ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ ನೋಡಿ. ಅಲ್ಲೂ ಗುಳ್ಳೆ ಬಂದರೆ ಸರಿಯಾಗೇ ಇದೆ, ಎರಡು ಲೀಟರ್ ಗಾಳಿ ಕೆನ್ನೆಗೆ ತಿಳಿಯುವುದು ಕಷ್ಟ. ಬರದಿದ್ದರೆ ಟ್ಯೂಬನ್ನು ಮಡಚಿ ಬಿಗಿಯಾಗಿ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಬಾಟಲಿಯ ಮೇಲಿನ ವಾಲ್ವ್ ಸಿಳ್ಳೆ ಹೊಡೆಯಬೇಕು. ಹೊಡೆಯದಿದ್ದರೆ ಗಾಳಿ ಬಾಟಲಿ ಮುಚ್ಚಳದಲ್ಲೇ ಸೋರುತ್ತಿದೆ. ಮುಚ್ಚಳ ಓರೆಯಾಗಿ ಕೂತಿರುತ್ತದೆ, ಬಿಚ್ಚಿ ಎಳೆಗೆ ಎಳೆ ಕೂರಿಸಿ ತಿರುಗಿಸಿ. ಬಿಚ್ಚಿದಾಗಲೇ ನೀರನ್ನೂ ಬದಲಿಸಿ: ಕುದಿಸಿ ಆರಿಸಿದ್ದು, ಎರಡು ಗೆರೆಯ ನಡುವೆ ನಿಲ್ಲುವಷ್ಟು. ಮೇಲಿನ ಗೆರೆ ದಾಟಿದರೆ ನೀರು ಟ್ಯೂಬಿಗೆ ಏರಿ ಮೂಗಿಗೆ ಬರುತ್ತದೆ.